ದೋಣಿಯ ಎಂಜಿನ್ ಏಕೆ ನಿಂತಿತು? – ಒತ್ತಡದ ಪಾಠಕ್ಕೆ ಒಂದು ಅನ್ವಯ

ತರಗತಿ: 9. ವಿಷಯ: ವಿಜ್ಞಾನ. ಅವಧಿ: 40 ನಿಮಿಷ.
ಪೂರ್ವಜ್ಞಾನ: ವಾತಾವರಣದ ಒತ್ತಡ, ಸಾಂದ್ರತೆ.
ಬೋಧನೋಪಕರಣಗಳು: ತೆಳು ಪ್ಲಾಸ್ಟಿಕ್ ಬಾಟಲಿ, ಕೊಳವೆ, ದೊಡ್ಡ ಸಿರಿಂಜ್, ಗುಂಡುಸೂಜಿ, ಮೇಣ, ಗಾಜಿನ ಲೋಟ, ತೆಂಗಿನೆಣ್ಣೆ, ನೀರು.

ಹಿನ್ನೆಲೆ

ಬೋಧನಾಭ್ಯಾಸಕ್ಕೆ ನನಗೆ ದೊರೆತದ್ದು ಕುಂದಾಪುರ ಕಡೆಯ ಕಡಲತಡಿಯ ಒಂದು ಪ್ರೌಢಶಾಲೆ. ಹಲವು ಮಕ್ಕಳ ಮನೆಯಲ್ಲಿ ನಾಡದೋಣಿ ಇದೆ. ಅದಕ್ಕೆ ಹಳೆಯ ಔಟ್‌ಬೋರ್ಡ್ ಎಂಜಿನ್. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸುತ್ತಾರೆ. ಅಳಿವೆ ದಾಟುವಾಗ ಎಂಜಿನ್ ನಿಂತರೆ ದೋಣಿ ಅಲೆಗೆ ಅಡ್ಡವಾಗಿ ಮಗುಚಬಹುದು. ಆದ್ದರಿಂದ ಈ ಪ್ರಶ್ನೆ ಮಕ್ಕಳಿಗೆ ಮನೆಯ ಪ್ರಶ್ನೆಯೂ ಹೌದು.

ಉದ್ದೇಶಗಳು

1. ತೊಟ್ಟಿಯಿಂದ ಇಂಧನ ಹರಿಯುವುದನ್ನು ಒತ್ತಡದ ವ್ಯತ್ಯಾಸದಿಂದ ವಿವರಿಸುವರು.
2. ಒಂದು ದೋಷಕ್ಕೆ ಹಲವು ಕಾರಣಗಳು ಸಾಧ್ಯವಿದ್ದಾಗ, ಒಂದು ಬಾರಿಗೆ ಒಂದೇ ಅಂಶ ಬದಲಿಸಿ ಪರೀಕ್ಷಿಸುವರು.

ಸಮಸ್ಯೆಯ ಮಂಡನೆ

ಕಪ್ಪುಹಲಗೆಯ ಮೇಲೆ ಹೀಗೆ ಬರೆದೆ: "ಎಂಜಿನ್ ಸುಲಭವಾಗಿ ಚಾಲೂ ಆಗುತ್ತದೆ. ಹತ್ತು ನಿಮಿಷ ಚೆನ್ನಾಗಿ ಓಡಿ, ಬಲ ಕುಗ್ಗಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತದೆ."

"ಟೀಚರ್, ಪ್ಲಗ್ ಬದ್ಲ್ ಮಾಡ್ಕ್" ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ಕಾರ್ಬುರೇಟರಿನಲ್ಲಿ ಕಸ, ಸೀಮೆಎಣ್ಣೆಯಲ್ಲಿ ನೀರು, ಬಿಸಿಯಾದ ಕಾಯಿಲ್ – ಇವೂ ಬಂದವು. ಸರಿ, ತಪ್ಪು ಎನ್ನದೆ ಎಲ್ಲವನ್ನೂ ಬರೆದು ಕೇಳಿದೆ: "ಪ್ಲಗ್ ಬದಲಿಸಲು ಎಷ್ಟು ಹೊತ್ತು ಬೇಕು?" ಹತ್ತು ನಿಮಿಷ ಎಂದರು. "ಅಷ್ಟು ಹೊತ್ತು ಎಂಜಿನ್ ಏನು ಮಾಡುತ್ತಿತ್ತು?" ತರಗತಿ ಕ್ಷಣಕಾಲ ಮೌನವಾಯಿತು. ಬಳಿಕ ಒಬ್ಬಳು ಹೇಳಿದಳು: "ಸುಮ್ಮನೆ ಇತ್ತು. ಹಾಗೆ ಬಿಟ್ಟರೂ ಚಾಲೂ ಆಗುತ್ತಿತ್ತಲ್ಲ!"

ಪಾಠದ ತಿರುಳು ಇದೇ. ಪ್ಲಗ್ ಬದಲಿಸಿದಾಗ ನಾವು ಎರಡು ಅಂಶ ಬದಲಿಸುತ್ತೇವೆ: ಪ್ಲಗ್ ಮತ್ತು ವಿರಾಮ. ವಿರಾಮದಿಂದ ಎಂಜಿನ್ ಓಡಿದರೂ ಹೆಸರು ಪ್ಲಗ್ಗಿಗೆ ಬರುತ್ತದೆ. ನಿಜವಾದ ದೋಷ ದೋಣಿಯಲ್ಲೇ ಉಳಿದು ಕಡಲಿಗೆ ಹೋಗುತ್ತದೆ.

ಚಟುವಟಿಕೆ

ಬಾಟಲಿಯ ಮುಚ್ಚಳಕ್ಕೆ ಕೊಳವೆ ತೂರಿಸಿ ಸುತ್ತ ಮೇಣ ಹಚ್ಚಿದೆವು. ಪಕ್ಕದಲ್ಲಿ ಸೂಜಿಯಿಂದ ಒಂದು ರಂಧ್ರ. ಬಾಟಲಿ ತೊಟ್ಟಿ, ಸಿರಿಂಜ್ ಎಂಜಿನ್ನಿನ ಪಂಪ್. ರಂಧ್ರ ತೆರೆದಿದ್ದಾಗ ನೀರು ಸಲೀಸಾಗಿ ಬಂತು. ಬೆರಳಿಂದ ಮುಚ್ಚಿದಾಗ ಮೊದಲ ಎಳೆತಕ್ಕೆ ಬಂದು, ಕ್ರಮೇಣ ಎಳೆಯುವುದು ಕಷ್ಟವಾಗಿ, ಬಾಟಲಿ ಒಳಕ್ಕೆ ಕುಗ್ಗಿತು. ಬೆರಳು ತೆಗೆದೊಡನೆ ಹರಿವು ಮರಳಿತು. "ಮೊದಲು ಓಡಿ ಆಮೇಲೆ ಏಕೆ ನಿಲ್ಲುತ್ತದೆ?" ಎಂಬುದಕ್ಕೆ ಮಕ್ಕಳೇ ವಿವರಣೆ ಕೊಟ್ಟರು: ಇಂಧನ ಖಾಲಿಯಾದಷ್ಟು ಗಾಳಿ ಒಳಬರದಿದ್ದರೆ ತೊಟ್ಟಿಯೊಳಗಿನ ಒತ್ತಡ ಇಳಿಯುತ್ತ ಹೋಗುತ್ತದೆ.

ಬೇರ್ಪಡಿಸುವ ಪರೀಕ್ಷೆಗಳು

ಪ್ರತಿ ಕಾರಣಕ್ಕೂ "ಇದೇ ನಿಜವಾದರೆ ಬೇರೇನು ಕಾಣಬೇಕು?" ಎಂದು ಕೇಳಿ, ಚರ್ಚಿಸಿ ಹೀಗೆ ಪಟ್ಟಿ ಮಾಡಿದೆವು:

– ಬಲ ಕುಗ್ಗುವಾಗಲೇ ಇಂಧನ ಕೊಳವೆಯ ರಬ್ಬರ್ ಉಂಡೆಯನ್ನು ಹಿಂಡಿದರೆ ಎಂಜಿನ್ ಚೇತರಿಸಿಕೊಂಡಿತೇ? ಹಾಗಾದರೆ ಇಂಧನ ಸಾಲುತ್ತಿಲ್ಲ.
– ಉಂಡೆ ತಾನಾಗಿ ಚಪ್ಪಟೆಯಾಗಿದೆಯೇ? ತಡೆ ಉಂಡೆಗಿಂತ ಹಿಂದೆ, ಅಂದರೆ ತೊಟ್ಟಿಯ ಕಡೆ ಇದೆ: ಮುಚ್ಚಿದ ಗಾಳಿ ಸ್ಕ್ರೂ, ಕಸ, ಒಳಪದರ ಬಿಟ್ಟ ಹಳೆಯ ಕೊಳವೆ.
– ಗಾಳಿ ಸ್ಕ್ರೂ ಸಡಿಲಿಸಿದೊಡನೆ ಸರಿಯಾಯಿತೇ? ಕಾರಣ ಅದೇ.
– ಮುಗ್ಗರಿಸದೆ ಥಟ್ಟನೆ ನಿಂತು, ತಣಿದ ಮೇಲಷ್ಟೇ ಚಾಲೂ ಆಗುತ್ತದೆಯೇ? ಕಿಡಿಯ ಕಡೆ, ಮುಖ್ಯವಾಗಿ ಕಾಯಿಲ್ ಕಡೆ ನೋಡಬೇಕು.

"ಹಾಗಾದರೆ ಮುಚ್ಚಳವನ್ನೇ ತೆರೆದಿಟ್ಟರೆ ಆಯ್ತಲ್ಲ?" ಎಂದು ಒಬ್ಬ ಕೇಳಿದ. ಲೋಟದ ನೀರಿಗೆ ತೆಂಗಿನೆಣ್ಣೆ ಸುರಿದು ತೋರಿಸಿದೆ: ನೀರು ತಳದಲ್ಲಿ. ಸೀಮೆಎಣ್ಣೆ, ಪೆಟ್ರೋಲ್ ಎರಡೂ ನೀರಿಗಿಂತ ಹಗುರ. ತೆರೆದ ತೊಟ್ಟಿಗೆ ಸಿಡಿದ ಕಡಲನೀರು ತಳ ಸೇರುತ್ತದೆ. ಇಂಧನ ಹೀರುವ ಕೊಳವೆಯ ಬಾಯಿಯೂ ಅಲ್ಲೇ ಇರುತ್ತದೆ. ಅವನ ಪ್ರಶ್ನೆಯಿಂದಲೇ ಸಾಂದ್ರತೆಯ ಅಂಶ ಪಾಠದೊಳಗೆ ಬಂತು.

ಮೌಲ್ಯಮಾಪನ

1. ಉಂಡೆ ಹಿಂಡಿದರೂ ಎಂಜಿನ್ ಚೇತರಿಸದಿದ್ದರೆ ಮುಂದಿನ ಪರೀಕ್ಷೆ ಯಾವುದು? ಏಕೆ?
2. ಎಣ್ಣೆ ಬೆರೆಸಿದ ಇಂಧನದ ಟು-ಸ್ಟ್ರೋಕ್ ಎಂಜಿನ್ನಿಗೆ ಇಂಧನ ಕಡಿಮೆಯಾದರೆ ಪಿಸ್ಟನ್ನಿಗೂ ಏಕೆ ಅಪಾಯ? (ಜಾರೆಣ್ಣೆಯೂ ಇಂಧನದೊಡನೆಯೇ ಬರುವುದರಿಂದ.)

ಸಹಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

ತರಗತಿಗೆ ಪೆಟ್ರೋಲ್, ಸೀಮೆಎಣ್ಣೆ ತರಬೇಡಿ, ನೀರು ಸಾಕು. ಎಂಜಿನ್ ನೋಡುವುದಿದ್ದರೆ ದೋಣಿ ದಡದಲ್ಲಿರುವಾಗ, ಹಿರಿಯರ ಜೊತೆಯಲ್ಲೇ ನೋಡಲು ಹೇಳಿ. ಕಡಲತಡಿ ಇಲ್ಲದ ಊರಿನಲ್ಲಿ ಪಂಪ್‌ಸೆಟ್ಟನ್ನೋ ಪವರ್ ಟಿಲ್ಲರನ್ನೋ ತೆಗೆದುಕೊಳ್ಳಬಹುದು. ಯಂತ್ರ ಬದಲಾದರೂ ಎರಡು ಪ್ರಶ್ನೆಗಳನ್ನು ಬಿಡಬೇಡಿ: ಇದೇ ಕಾರಣವಾದರೆ ಬೇರೇನು ಕಾಣಬೇಕು? ನಾವು ಬದಲಿಸಿದ್ದು ನಿಜವಾಗಿ ಒಂದೇ ಅಂಶವನ್ನೇ?