ಒಂದೇ ಸೂರಿನ ಕೆಳಗೆ

ಅಮೆರಿಕದ ಒಹಾಯೊ ರಾಜ್ಯದ ಉತ್ತರದ ಅಂಚಿನಲ್ಲಿ, ಈರೀ ಎಂಬ ವಿಶಾಲವಾದ ಸರೋವರದ ದಡದ ಮೇಲೆ, ಕ್ಲೀವ್‌ಲ್ಯಾಂಡ್ ನಗರವಿದೆ. ಒಂದು ಕಾಲಕ್ಕೆ ಉಕ್ಕಿನ ಕಾರ್ಖಾನೆಗಳಿಂದ ಹೆಸರಾಗಿದ್ದ ಈ ನಗರದ ಪೂರ್ವಕ್ಕೆ ಹೊಂದಿಕೊಂಡಂತೆ ಶೇಕರ್ ಹೈಟ್ಸ್ ಎಂಬ ಉಪನಗರವುಂಟು. 2020ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ ಸುಮಾರು 29,000. ಇಷ್ಟು ಚಿಕ್ಕ ಊರಿನ ಸಾರ್ವಜನಿಕ ಪ್ರೌಢಶಾಲೆಯೊಂದನ್ನು ಕುರಿತು ವಿದ್ವಾಂಸರೂ ಪತ್ರಕರ್ತರೂ ಗ್ರಂಥಗಳನ್ನೇ ಬರೆದಿದ್ದಾರೆ. ಪರೀಕ್ಷೆಯ ಫಲಿತಾಂಶವಾಗಲಿ, ಕ್ರೀಡೆಯಲ್ಲಿ ಗೆದ್ದ ಪಾರಿತೋಷಕಗಳಾಗಲಿ ಇದಕ್ಕೆ ಕಾರಣವಲ್ಲ. ಕಪ್ಪು ವರ್ಣದ ಮಕ್ಕಳೂ ಬಿಳಿಯ ವರ್ಣದ ಮಕ್ಕಳೂ ಕೂಡಿ ಓದಬೇಕೆಂದು ಆ ಊರು ತಾನಾಗಿಯೇ ಸಂಕಲ್ಪಿಸಿತು. ಆ ಸಂಕಲ್ಪ ಎಷ್ಟು ದೂರ ನಡೆಯಿತು, ಎಲ್ಲಿ ಎಡವಿತು ಎಂಬುದೇ ಅವರೆಲ್ಲರ ಕುತೂಹಲ.

ಊರಿನ ಹೆಸರು ಬಂದದ್ದು ಶೇಕರ್ ಎಂಬ ಧಾರ್ಮಿಕ ಪಂಥದಿಂದ. ಬ್ರಹ್ಮಚರ್ಯವನ್ನು ಪಾಲಿಸುತ್ತ, ಆಸ್ತಿಯನ್ನೆಲ್ಲ ಸಮುದಾಯಕ್ಕೆ ಒಪ್ಪಿಸಿ, ಸ್ತ್ರೀಪುರುಷರು ಸಮಾನರೆಂದು ಬಗೆದು ಬಾಳುತ್ತಿದ್ದ ಆ ಪಂಥದವರು 1822ರಿಂದ 1889ರವರೆಗೆ ಅಲ್ಲಿ ಬೇಸಾಯ ಮಾಡಿಕೊಂಡಿದ್ದರು. ಅವರು ತೆರವು ಮಾಡಿದ ನೆಲದಲ್ಲಿ ವ್ಯಾನ್ ಸ್ವೆರಿಂಜೆನ್ ಎಂಬ ಸಹೋದರರಿಬ್ಬರು ಸಿರಿವಂತರಿಗಾಗಿ ಹೊಸ ಊರನ್ನು ಕಟ್ಟಿದರು. ನೆರಳಿನ ಬೀದಿಗಳು, ಕೊಳಗಳು, ನಗರಕ್ಕೆ ಹೋಗಿಬರಲು ವಿದ್ಯುತ್ ರೈಲು ಎಲ್ಲವೂ ಬಂದವು. ಜೊತೆಗೆ ಕ್ರಯಪತ್ರಗಳಲ್ಲಿ ಒಂದು ಷರತ್ತೂ ಸೇರಿತು: ಕಂಪನಿಯ ಇಲ್ಲವೆ ನೆರೆಯವರ ಸಮ್ಮತಿಯಿಲ್ಲದೆ ಮನೆಯನ್ನು ಮತ್ತೊಬ್ಬರಿಗೆ ಮಾರುವಂತಿಲ್ಲ. ಕಪ್ಪು ವರ್ಣದವರನ್ನೂ ಯೆಹೂದ್ಯರನ್ನೂ ಕ್ಯಾಥೊಲಿಕರನ್ನೂ ಹೊರಗಿಡಲು ಅಷ್ಟೇ ಸಾಕಾಯಿತು. ಸಮಾನತೆಯನ್ನು ಸಾರಿದವರ ಹೆಸರನ್ನು ಹೊತ್ತ ಊರಿಗೆ ಇಂತಹ ಬೇಲಿ!

ಜನಾಂಗದ ಕಾರಣದಿಂದ ಮನೆ ಮಾರಾಟವನ್ನು ತಡೆಯುವ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಕೂಡದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1948ರಲ್ಲಿ ತೀರ್ಪಿತ್ತಿತು. ಮೆಲ್ಲಮೆಲ್ಲನೆ ಕಪ್ಪು ವರ್ಣದ ವೈದ್ಯರೂ ವಕೀಲರೂ ಊರಿನ ಲಡ್ಲೊ ಎಂಬ ಬಡಾವಣೆಗೆ ಬಂದರು. 1956ರ ಜನವರಿಯಲ್ಲಿ ಜಾನ್ ಪೆಗ್ ಎಂಬ ಕಪ್ಪು ವರ್ಣದ ವಕೀಲರ ಹೊಸ ಮನೆಯ ಗ್ಯಾರೇಜಿನಲ್ಲಿ ಬಾಂಬು ಸಿಡಿಯಿತು. ಬೇರೆ ಕಡೆಗಳಲ್ಲಾಗಿದ್ದರೆ ಬಿಳಿಯರು ಸಿಕ್ಕಿದ ಬೆಲೆಗೆ ಮನೆ ಮಾರಿ ಹೊರಟುಬಿಡುತ್ತಿದ್ದರು. ದಲ್ಲಾಳಿಗಳು ಹೆದರಿಕೆಯನ್ನು ಹಬ್ಬಿಸಿ ಲಾಭ ಮಾಡಿಕೊಳ್ಳುತ್ತಿದ್ದರು. ಲಡ್ಲೊದಲ್ಲಿ ಹಾಗಾಗಲಿಲ್ಲ. ಎರಡೂ ವರ್ಣದ ನೆರೆಹೊರೆಯವರು 1957ರಲ್ಲಿ ಒಂದು ಸಂಘವನ್ನು ಕಟ್ಟಿದರು. ಬಡಾವಣೆ ಮಿಶ್ರವಾಗಿಯೇ ಉಳಿಯಬೇಕೆಂದು, ಅಲ್ಲಿಗೆ ಬಂದು ಮನೆ ಕೊಳ್ಳಲೊಪ್ಪುವ ಬಿಳಿಯ ಕುಟುಂಬಗಳಿಗೆ ಮುಂಗಡದ ಹಣಕ್ಕಾಗಿ ಸಾಲವನ್ನೂ ಕೊಟ್ಟರು. ಉಳ್ಳವರಿಗೇ ಸಾಲ ಕೊಟ್ಟು ಕರೆತಂದ ಈ ಕ್ರಮ ಇಂದು ವಿಚಿತ್ರವೆನಿಸಬಹುದು. ಆಗ ಅವರಿಗೆ ಬೇರೆ ದಾರಿ ಕಾಣಲಿಲ್ಲ.

ಬಡಾವಣೆಯಿಂದ ಪ್ರಶ್ನೆ ಶಾಲೆಗೆ ಬಂದಿತು. ಊರಿನ ಪ್ರಾಥಮಿಕ ಶಾಲೆಗಳಲ್ಲಿ ಮೋರ್ಲ್ಯಾಂಡ್ ಎಂಬುದರಲ್ಲಿ ಬಹುಪಾಲು ಕಪ್ಪು ವರ್ಣದ ಮಕ್ಕಳೇ ಇದ್ದರು. ಅವರನ್ನು ಬಸ್ಸಿನಲ್ಲಿ ಬೇರೆ ಶಾಲೆಗಳಿಗೆ ಕಳುಹಿಸಬೇಕೆಂದು 1970ರಲ್ಲಿ ಅಧಿಕಾರಿಗಳು ಯೋಚಿಸಿದರು. ಭಾರವನ್ನೆಲ್ಲ ಒಂದೇ ಕಡೆಯ ಮಕ್ಕಳು ಏಕೆ ಹೊರಬೇಕೆಂಬ ಆಕ್ಷೇಪ ಎದ್ದಿತು. ಆಗ ಕೆಲವರು ಬಿಳಿಯ ತಾಯಿತಂದೆಯರು ತಮ್ಮ ಮಕ್ಕಳನ್ನೂ ಮೋರ್ಲ್ಯಾಂಡಿಗೆ ಕಳುಹಿಸುವುದಾಗಿ ಮುಂದೆ ಬಂದರು. ಹೀಗೆ ಬಸ್ಸು ಎರಡೂ ದಿಕ್ಕಿಗೆ ಓಡಿತು. ನಾಲ್ಕು ವರ್ಷಗಳ ಅನಂತರ, ನ್ಯಾಯಾಲಯದ ಆಜ್ಞೆಯಂತೆ ಮಕ್ಕಳನ್ನು ಸಾಗಿಸಿದ ಬಾಸ್ಟನ್ ನಗರದಲ್ಲಿ ಶಾಲಾಬಸ್ಸುಗಳ ಮೇಲೆ ಕಲ್ಲು ಬಿದ್ದವೆಂಬುದನ್ನು ನೆನೆದರೆ ಈ ಚಿಕ್ಕ ಊರಿನ ಹೆಚ್ಚಳ ತಿಳಿದೀತು.

ಪ್ರಾಥಮಿಕ ಶಾಲೆಗಳಲ್ಲಿ ಬೆಳೆದ ಮಕ್ಕಳೆಲ್ಲರೂ ಕೊನೆಗೆ ಸೇರುವುದು ಒಂದೇ ಪ್ರೌಢಶಾಲೆಯನ್ನು. ಒಂಬತ್ತರಿಂದ ಹನ್ನೆರಡರವರೆಗಿನ ತರಗತಿಗಳು ಅಲ್ಲಿವೆ. ನಾಟಕ, ಸಂಗೀತ, ವಿದ್ಯಾರ್ಥಿಗಳೇ ನಡೆಸುವ ಪತ್ರಿಕೆ, ಹಲವು ವಿದೇಶಿ ಭಾಷೆಗಳು ಇಂಥವು ಅನುಕೂಲವಂತ ಶಾಲೆಗಳಲ್ಲೆಲ್ಲ ಉಂಟು. ಈ ಶಾಲೆಯದೇ ಎನ್ನಬಹುದಾದದ್ದು 1983ರಲ್ಲಿ ಹುಟ್ಟಿದ ಜನಾಂಗ ಬಾಂಧವ್ಯದ ವಿದ್ಯಾರ್ಥಿ ಬಳಗ. ಪ್ರೌಢಶಾಲೆಯ ಹುಡುಗ ಹುಡುಗಿಯರು ಮೊದಲು ತಾವು ತರಬೇತಿ ಪಡೆದು, ವಿವಿಧ ವರ್ಣದವರು ಕೂಡಿದ ತಂಡಗಳಾಗಿ ಕೆಳಗಿನ ತರಗತಿಗಳಿಗೆ ಹೋಗುತ್ತಾರೆ. ಆಟ, ಅಭಿನಯ, ಮಾತುಕತೆಗಳ ಮೂಲಕ, ಒಬ್ಬನನ್ನು ಗುಂಪಿನಿಂದ ಹೊರಗಿಟ್ಟರೆ ಅವನಿಗೆ ಏನನ್ನಿಸುತ್ತದೆ, ಗೆಳೆಯರ ಒತ್ತಾಯಕ್ಕೆ ಮಣಿಯದೆ ನಿಲ್ಲುವುದು ಹೇಗೆ ಎಂಬುದನ್ನು ಚಿಕ್ಕವರ ಅನುಭವಕ್ಕೆ ತರುತ್ತಾರೆ. ಹಿರಿಯರ ಉಪದೇಶಕ್ಕೆ ಕಿವಿಗೊಡದ ಮಗು ಹದಿನಾರು ವರ್ಷದ ಅಣ್ಣನೋ ಅಕ್ಕನೋ ಹೇಳಿದ್ದನ್ನು ಕೇಳುತ್ತದೆ. ಹಾಂಗ್‌ಕಾಂಗಿನಿಂದ ವಲಸೆ ಬಂದ ದಂಪತಿಗಳ ಮಗಳಾದ ಕಾದಂಬರಿಕಾರ್ತಿ ಸೆಲೆಸ್ಟ್ ಇಂಗ್ ತಮ್ಮ ವಿದ್ಯಾರ್ಥಿದೆಸೆಯಲ್ಲಿ ಈ ಬಳಗದಲ್ಲಿದ್ದವರು. 2017ರಲ್ಲಿ ಪ್ರಕಟವಾದ ಅವರ ಪ್ರಸಿದ್ಧ ಕಾದಂಬರಿಯ ಕಥೆ ನಡೆಯುವುದು ಶೇಕರ್ ಹೈಟ್ಸ್‌ನಲ್ಲೇ.

ಇಷ್ಟೆಲ್ಲ ಇದ್ದೂ ಶಾಲೆಯೊಳಗೆ ಮತ್ತೊಂದು ಗೋಡೆ ಎದ್ದಿತ್ತು. ಗಣಿತ, ಇಂಗ್ಲಿಷ್, ವಿಜ್ಞಾನ ಮೊದಲಾದ ವಿಷಯಗಳನ್ನು ಸಾಮಾನ್ಯ, ಉನ್ನತ ಎಂಬ ಬೇರೆಬೇರೆ ಶ್ರೇಣಿಗಳಲ್ಲಿ ಬೋಧಿಸುತ್ತಿದ್ದರು. ಉನ್ನತ ಶ್ರೇಣಿಯ ಕೊಠಡಿಯಲ್ಲಿ ಬಹುಪಾಲು ಬಿಳಿಯರು. ಸಾಮಾನ್ಯ ಶ್ರೇಣಿಯಲ್ಲಿ ಬಹುಪಾಲು ಕಪ್ಪು ವರ್ಣದವರು. ಒಂದೇ ಬಾಗಿಲಿನಿಂದ ಒಳಬಂದ ಮಕ್ಕಳು ಗಂಟೆ ಬಾರಿಸಿದೊಡನೆ ಬೇರೆಯಾಗುತ್ತಿದ್ದರು. ಉನ್ನತ ಶ್ರೇಣಿಯನ್ನು ಯಾರು ಬೇಕಾದರೂ ಆರಿಸಿಕೊಳ್ಳಬಹುದೆಂಬ ನಿಯಮವೇನೋ ಇತ್ತು. ಆದರೆ ತನ್ನವರೊಬ್ಬರೂ ಇಲ್ಲದ ಕೊಠಡಿಯೊಳಗೆ ಕಾಲಿಡಲು ಹದಿನಾಲ್ಕರ ಬಾಲಕನಿಗೆ ಎಷ್ಟು ಧೈರ್ಯ ಬೇಕು! ಈ ಅಳುಕನ್ನು ಕಳೆಯಲೆಂದೇ 1990ರ ದಶಕದ ಮೊದಲಲ್ಲಿ, ಚೆನ್ನಾಗಿ ಓದುವ ಕಪ್ಪು ವರ್ಣದ ಹಿರಿಯ ವಿದ್ಯಾರ್ಥಿಗಳು ಕಿರಿಯರ ಕೈಹಿಡಿದು ನಡೆಸುವ ‘ಮ್ಯಾಕ್ ಸ್ಕಾಲರ್ಸ್’ ಎಂಬ ಕೂಟ ಆರಂಭವಾಯಿತು.

ಅಂತರ ಮಾತ್ರ ಕರಗಲಿಲ್ಲ. ಕಪ್ಪು ವರ್ಣದ ಪೋಷಕರೇ ಕೆಲವರು 1997ರಲ್ಲಿ ನೈಜೀರಿಯ ಮೂಲದ ಮಾನವಶಾಸ್ತ್ರಜ್ಞ ಜಾನ್ ಓಗ್ಬು ಅವರನ್ನು ಕರೆಸಿ ಕಾರಣ ಹುಡುಕುವಂತೆ ಕೋರಿದರು. ನಾಲ್ಕು ಅಂಕಗಳ ಮಾನದಲ್ಲಿ ಬಿಳಿಯ ವಿದ್ಯಾರ್ಥಿಗಳ ಸರಾಸರಿ 3.45, ಕಪ್ಪು ವರ್ಣದವರದು 1.9 ಎಂದು ಅವರು ಕಂಡರು. 2003ರಲ್ಲಿ ಹೊರಬಂದ ಅವರ ಗ್ರಂಥ, ಶಿಕ್ಷಕರ ಕಡಿಮೆ ನಿರೀಕ್ಷೆಯನ್ನು ಹೇಳಿಯೂ, ಮಕ್ಕಳ ಪ್ರಯತ್ನ ಸಾಲದೆಂಬುದನ್ನೂ ಪೋಷಕರ ಗಮನ ಸಾಲದೆಂಬುದನ್ನೂ ಒತ್ತಿಹೇಳಿತು. ಹಲವರಿಗೆ ಇದು ನೋವುಂಟುಮಾಡಿತು. ಚಿಕ್ಕಂದಿನಲ್ಲೇ ಮಕ್ಕಳನ್ನು ಶ್ರೇಣಿಗಳಾಗಿ ವಿಂಗಡಿಸಿ, ಅನಂತರ ಹಿಂದುಳಿದವರನ್ನೇ ದೂರುವುದು ಯಾವ ನ್ಯಾಯವೆಂದು ಅವರು ಕೇಳಿದರು. ಪ್ರಯತ್ನದ ಮಾತು ಸುಳ್ಳಲ್ಲ. ಆದರೂ ಕೇಳಿದವರ ಪ್ರಶ್ನೆಯೇ ಹೆಚ್ಚು ತೂಕದ್ದು.

2020ರಲ್ಲಿ ಊರು ಆ ಪ್ರಶ್ನೆಗೆ ಕಾರ್ಯರೂಪದ ಉತ್ತರ ಕೊಡಲು ಹೊರಟಿತು. ಐದರಿಂದ ಒಂಬತ್ತನೆಯ ತರಗತಿಯವರೆಗೆ ಬಹುತೇಕ ವಿಷಯಗಳಲ್ಲಿ ಶ್ರೇಣಿಗಳನ್ನು ಕೂಡಿಸಿ, ಎಲ್ಲರಿಗೂ ಉನ್ನತ ಶ್ರೇಣಿಯ ಪಾಠವನ್ನೇ ಇಡಲಾಯಿತು. ಅದು ಕೋವಿಡ್ ಹರಡಿದ್ದ ವರ್ಷ. ಪಾಠಗಳು ದೂರದಿಂದ, ಕಂಪ್ಯೂಟರಿನ ತೆರೆಯ ಮೇಲೆ ನಡೆಯುತ್ತಿದ್ದವು. ಮುಂದಿರುವ ಮಕ್ಕಳ ವೇಗ ಕುಂದೀತೆಂದು ಕೆಲವು ಪೋಷಕರು ಆತಂಕಪಟ್ಟರು. ಸಾಕಷ್ಟು ಸಿದ್ಧತೆಯಿಲ್ಲದೆ ಇದನ್ನು ತರಲಾಯಿತೆಂಬ ದೂರೂ ಕೇಳಿಬಂದಿತು. ಪುಸ್ತಕವನ್ನು ಸರಾಗವಾಗಿ ಓದಿ ಮುಗಿಸುವವನಿಗೂ ಒಂದು ಪುಟಕ್ಕೆ ತಿಣುಕುವವನಿಗೂ ಅದೇ ಪಾಠವನ್ನು ಅದೇ ಗಂಟೆಯಲ್ಲಿ ಕಲಿಸುವ ಹೊಣೆ ಈಗ ಒಬ್ಬ ಶಿಕ್ಷಕನ ಮೇಲೆ ಬಿದ್ದಿತು.