ಘಟ್ಟದ ಪಟ್ಟೆಮೀನು, ಬಯಲಿನ ಗಡಸು ನೀರು

ಕಡೂರು, ತರೀಕೆರೆ ಭಾಗದಲ್ಲಿ ಅಲಂಕಾರಿಕ ಮೀನಿನ ವ್ಯಾಪಾರ ಆರಂಭಿಸಬಯಸುವ ಸದಸ್ಯರು ಪರದೇಶದ ತಳಿಗಳಿಗಿಂತ ಮೊದಲು ಪಶ್ಚಿಮ ಘಟ್ಟದ ಹೊಳೆಗಳ ‘ಮೆಲನ್ ಬಾರ್ಬ್’ ಎಂಬ ಪುಟ್ಟ ಮೀನನ್ನು ಪರಿಶೀಲಿಸುವುದು ಸೂಕ್ತ. ಉದ್ದ ಸುಮಾರು 6 ಸೆಂ.ಮೀ.; ಕೆಂಪು ಛಾಯೆಯ ಮೈಮೇಲೆ ಕಪ್ಪು ಅಡ್ಡಪಟ್ಟೆಗಳು. 1849ರಲ್ಲಿ ಜೆರ್ಡನ್ ಇದನ್ನು ಮೊದಲು ವರ್ಣಿಸಿದನು. ಇದರ ಕುಲಕ್ಕೆ 2013ರಲ್ಲಿ ‘ಹಲುದಾರಿಯಾ’ ಎಂಬ ಹೆಸರು ಬಂದಿತು. 1800-01ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಬುಕಾನನ್‌ಗೆ ಮುಂದೆ ಬಂಗಾಳದಲ್ಲಿ ಮೀನಿನ ಚಿತ್ರಗಳನ್ನು ಬರೆದುಕೊಟ್ಟ ಹಲುದಾರ್ ಎಂಬ ಕಲಾವಿದನ ಸ್ಮರಣೆ ಅದು.

ತೊಡಕಿರುವುದು ನೀರಿನಲ್ಲಿ. ಘಟ್ಟದ ಹೊಳೆಯ ನೀರು ಮೆದು. ಕಡೂರು ಬಯಲಿನ ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡಸು. ಅದರಲ್ಲಿ ಮೀನು ಬದುಕೀತು, ಸಂತಾನಾಭಿವೃದ್ಧಿ ಮಾತ್ರ ಕುಂಠಿತವಾಗುತ್ತದೆ. ಆದುದರಿಂದ ಮೊದಲ ಮಳೆಯನ್ನು ಹರಿಯಬಿಟ್ಟು, ಅನಂತರದ ಛಾವಣಿ ನೀರನ್ನು ಸಂಗ್ರಹಿಸಿ ಸ್ವಲ್ಪಸ್ವಲ್ಪವಾಗಿ ಬೆರೆಸಬೇಕು. ಉಷ್ಣತೆ 22ರಿಂದ 26 ಡಿಗ್ರಿ ಇರಲಿ. ಕನಿಷ್ಠ ಆರು ಮೀನುಗಳನ್ನು ಒಟ್ಟಿಗಿಡಬೇಕು. ಜಲಸಸ್ಯಗಳ ನಡುವೆ ಮೊಟ್ಟೆ ಚೆಲ್ಲಿದೊಡನೆ ದೊಡ್ಡ ಮೀನುಗಳನ್ನು ಬೇರ್ಪಡಿಸದಿದ್ದಲ್ಲಿ ಅವೇ ಮೊಟ್ಟೆಗಳನ್ನು ತಿಂದುಬಿಡುತ್ತವೆ.

ಹೊಳೆಯಿಂದಲೇ ಬಲೆ ಹಾಕಿ ತಂದು ಮಾರುವುದು ಅಗ್ಗವೆನಿಸೀತು. ಅದು ಅಸಲನ್ನೇ ಲಾಭವೆಂದು ಲೆಕ್ಕ ಬರೆದಂತೆ. ಭದ್ರಾ ಅಭಯಾರಣ್ಯದೊಳಗಂತೂ ಅನುಮತಿಯಿಲ್ಲದೆ ಹಿಡಿಯುವುದು 1972ರ ವನ್ಯಜೀವಿ ಕಾಯಿದೆಯನ್ವಯ ಅಪರಾಧ. ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿದ ತಾಯಿಮೀನುಗಳನ್ನೇ ಖರೀದಿಸಿ, ರಸೀದಿಯನ್ನು ಜೋಪಾನವಾಗಿ ಇರಿಸಿಕೊಳ್ಳತಕ್ಕದ್ದು.