ಬಣ್ಣ ಮರೆಸುತ್ತದೆ, ಉಕ್ಕು ಹೇಳುತ್ತದೆ: ಹಳೆಯ ರೇಸ್ ಸೈಕಲ್ ಫ್ರೇಮ್‌ಗಳಿಂದ ಕಲಿತ ಪಾಠಗಳು

ಬರ್ಮಿಂಗ್‌ಹ್ಯಾಮಿನ ನಮ್ಮ ಮನೆಯ ಹಿತ್ತಲಲ್ಲಿ ಒಂದು ಮರದ ಶೆಡ್ ಇದೆ. ಅದರ ಗೋಡೆಗೆ ಈಗ ಒಂಬತ್ತು ಫ್ರೇಮ್‌ಗಳನ್ನು ತೂಗುಹಾಕಿದ್ದೇನೆ. ಎಲ್ಲವೂ 1950 ಮತ್ತು 1985ರ ನಡುವೆ ತಯಾರಾದ ಉಕ್ಕಿನ ರೇಸ್ ಸೈಕಲ್‌ಗಳವು. ಆ ಫ್ರೇಮ್‌ಗಳಲ್ಲಿ ಹಲವಕ್ಕೆ ಕೊಳವೆ ಎಳೆದ ರೇನಾಲ್ಡ್ಸ್ ಕಾರ್ಖಾನೆ ಇದ್ದದ್ದು ಇದೇ ಊರಿನ ಟೈಸ್ಲಿಯಲ್ಲಿ. ವಿಜಯಪುರದಲ್ಲಿ ಅಪ್ಪ ಬಹುಕಾಲ ತುಳಿದ ಬಿ.ಎಸ್.ಎ. ಸೈಕಲ್ ಮದ್ರಾಸಿನ ಟಿ.ಐ. ಸೈಕಲ್ಸ್‌ನದು. 1949ರಲ್ಲಿ ಆ ಕಂಪನಿ ಶುರುವಾದಾಗ ಮುರುಗಪ್ಪ ಮನೆತನದ ಜೊತೆ ಕೈಜೋಡಿಸಿದ್ದು ಇಂಗ್ಲೆಂಡಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್. ರೇನಾಲ್ಡ್ಸ್ ಕೂಡ ಆಗ ಅದೇ ಗುಂಪಿನಲ್ಲಿತ್ತು. ಇದು ಗೊತ್ತಾದ ದಿನ ಅಪ್ಪನ ಸೈಕಲ್ಲಿಗೂ ನನ್ನ ಶೆಡ್ಡಿಗೂ ಒಂದು ನೆಂಟಸ್ತಿಕೆ ಸಿಕ್ಕಿದಂತಾಯಿತು.

ಇಪ್ಪತ್ತು ವರ್ಷಗಳ ಈ ಕೆಲಸದಲ್ಲಿ ಕೈಸುಟ್ಟುಕೊಂಡು ಕಲಿತದ್ದೇ ಹೆಚ್ಚು. ಈಗಷ್ಟೇ ಶುರು ಮಾಡುವವರಿಗೆ ಉಪಯೋಗವಾದೀತೆಂದು ಬರೆದಿಡುತ್ತಿದ್ದೇನೆ.

1. ಮೂರು ಸಾಕ್ಷಿ ಸಿಗುವವರೆಗೆ ಹೆಸರು ಇಡಬೇಡಿ

ಹಳೆ ಸೈಕಲ್ ಸಾಮಾನಿನ ಸಂತೆಯೊಂದರಲ್ಲಿ ತಿಳಿನೀಲಿ ಫ್ರೇಮ್ ಒಂದು ಕಣ್ಣಿಗೆ ಬಿತ್ತು. ಅದರ ಮೇಲೆ ಇಟಲಿಯ ಹೆಸರಾಂತ ತಯಾರಕರೊಬ್ಬರ ಸ್ಟಿಕ್ಕರ್ ಇತ್ತು. ಇಟಲಿಯ ಬೆಲೆಯನ್ನೇ ಕೊಟ್ಟು ತಂದೆ. ಮನೆಗೆ ಬಂದು ತಿರುವಿ ಹಾಕಿ, ಪೆಡಲ್ ಅಚ್ಚು ಕೂರುವ ಬಾಟಮ್ ಬ್ರಾಕೆಟ್ ಅಳೆದರೆ ಅಗಲ 68 ಮಿ.ಮೀ. ಇಟಲಿಯದಾದರೆ ಸಾಮಾನ್ಯವಾಗಿ 70 ಇರಬೇಕು. ಚೈನ್ ಕಡೆಯ ಬೇರಿಂಗ್ ಕಪ್ ಎಡಕ್ಕೆ ಬಿಗಿಯಾಗುವ ಇಂಗ್ಲಿಷ್ ಥ್ರೆಡ್‌ನದು. ಕೆಳಗೆ ಬಣ್ಣ ಕೆರೆದಾಗ ‘ಡಬ್ಲ್ಯು’ ಅಕ್ಷರದಿಂದ ಶುರುವಾಗುವ ನಂಬರ್ ಕಾಣಿಸಿತು. ಇಂಗ್ಲೆಂಡಿನಲ್ಲಿ ತಯಾರಾದ 1970ರ ದಶಕದ ರ‍್ಯಾಲೆ ಫ್ರೇಮ್‌ಗಳಲ್ಲಿ ಆ ಅಕ್ಷರ ವರ್ಕ್ಸಾಪ್ ಊರನ್ನು ಸೂಚಿಸುತ್ತದೆ. ಅಲ್ಲಿದ್ದದ್ದು 1960ರಲ್ಲಿ ರ‍್ಯಾಲೆ ಕೊಂಡುಕೊಂಡ ಕಾರ್ಲ್ಟನ್ ಕಾರ್ಖಾನೆ.

ಫ್ರೇಮ್ ಕೆಟ್ಟದಾಗಿರಲಿಲ್ಲ. ಅದಕ್ಕೆ ಯಾರೋ ಬೇರೆಯವರ ಹೆಸರು ತೊಡಿಸಿದ್ದರು, ಅಷ್ಟೇ. ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಬಣ್ಣ, ಸ್ಟಿಕ್ಕರ್‌ಗಳನ್ನು ಬಿಟ್ಟು ಮೂರು ಸಾಕ್ಷಿಗಳು ಒಂದೇ ಮಾತು ಹೇಳಬೇಕು. ಥ್ರೆಡ್, ಕೊಳವೆಯ ವ್ಯಾಸ, ಕೊಳವೆಗಳನ್ನು ಕೂಡಿಸುವ ಲಗ್ಗಿನ ಆಕಾರ, ಹಿಂಗಾಲಿ ಕೂರುವ ಡ್ರಾಪ್‌ಔಟ್ ಮೇಲಿನ ಅಚ್ಚು, ಸೀರಿಯಲ್ ನಂಬರ್, ಇವುಗಳಲ್ಲಿ ಯಾವ ಮೂರಾದರೂ ಸರಿ.

2. ಹುಟ್ಟೂರು ತಿಳಿಯಲು ಬಾಟಮ್ ಬ್ರಾಕೆಟ್ ಬಿಚ್ಚಿ

ಇಂಗ್ಲಿಷ್ ಥ್ರೆಡ್ಡಿನ ವ್ಯಾಸ 1.37 ಇಂಚು, ಇಂಚಿಗೆ 24 ಸುತ್ತು, ಬಲಗಡೆಯ ಕಪ್ ಎಡಥ್ರೆಡ್. ಇಟಲಿಯದು 36 ಮಿ.ಮೀ., ಇಂಚಿಗೆ 24 ಸುತ್ತು, ಎರಡೂ ಬಲಥ್ರೆಡ್. ಫ್ರಾನ್ಸಿನದು 35 ಮಿ.ಮೀ., ಸುತ್ತಿಗೆ 1 ಮಿ.ಮೀ., ಎರಡೂ ಬಲಥ್ರೆಡ್. ಸ್ವಿಸ್‌ನದು ಫ್ರೆಂಚ್ ಅಳತೆಯೇ, ಆದರೆ ಬಲಗಡೆಯ ಕಪ್ ಎಡಥ್ರೆಡ್. ಈ ನಾಲ್ಕು ಸಾಲುಗಳನ್ನು ಶೆಡ್ಡಿನ ಬಾಗಿಲಿಗೆ ಅಂಟಿಸಿದ್ದೇನೆ. ತಪ್ಪು ದಿಕ್ಕಿಗೆ ತಿರುಗಿಸಿದರೆ ಬಿಗಿಯಾದ ಕಪ್ ಇನ್ನೂ ಬಿಗಿಯಾಗಿ, ಮೂಲೆಗಳು ಸವೆದು, ಆಮೇಲೆ ಯಾವ ಪಾನಾ ಕೂಡ ಹಿಡಿಯುವುದಿಲ್ಲ.

ಇಟಲಿಯ ಬಲಗಡೆಯ ಕಪ್ ತುಳಿಯುತ್ತ ತುಳಿಯುತ್ತ ತಾನೇ ಸಡಿಲವಾಗುವ ಸ್ವಭಾವದ್ದು. ಮರಳಿ ಕೂರಿಸುವಾಗ ಥ್ರೆಡ್ ಲಾಕ್ ಹಚ್ಚಿ ಬಲವಾಗಿ ಬಿಗಿಯಿರಿ. ಹೊರದೇಶದ ಗಿರಾಕಿಗೆಂದು ಇಟಲಿಯವರೂ ಒಮ್ಮೊಮ್ಮೆ ಇಂಗ್ಲಿಷ್ ಥ್ರೆಡ್ ಹಾಕಿದ್ದುಂಟು. ಒಂದೇ ಸಾಕ್ಷಿ ಸಾಲದು ಎನ್ನುವುದು ಅದಕ್ಕೇ.

3. ಕೊಳವೆಯನ್ನು ಹೊರಗಿನಿಂದ ತಟ್ಟಿ, ಒಳಗಿನಿಂದ ಅಳೆಯಿರಿ

ಒಳ್ಳೆಯ ರೇಸ್ ಕೊಳವೆ ‘ಬಟೆಡ್’ ಆಗಿರುತ್ತದೆ. ಹೊರಗಿನಿಂದ ಒಂದೇ ಸಮ ಕಂಡರೂ ಒಳಗೆ ತುದಿಗಳಲ್ಲಿ ದಪ್ಪ, ನಡುವೆ ತೆಳು. ಬಿದಿರಿನ ಗೆಣ್ಣಿನಲ್ಲಿ ಗಟ್ಟಿ ಇರುವಂತೆ, ಬೆಸುಗೆಯ ಬಿಸಿಯೂ ಸವಾರನ ಭಾರವೂ ಬೀಳುವ ಕಡೆಯಲ್ಲೇ ಉಕ್ಕು ಹೆಚ್ಚು. ಈ ವಿಧಾನಕ್ಕೆ ಬರ್ಮಿಂಗ್‌ಹ್ಯಾಮಿನ ರೇನಾಲ್ಡ್ಸ್ ಮನೆತನ ಪೇಟೆಂಟ್ ಪಡೆದದ್ದು 1897ರಲ್ಲಿ. ಮ್ಯಾಂಗನೀಸ್, ಮಾಲಿಬ್ಡಿನಮ್ ಬೆರೆತ ಅವರ 531 ಉಕ್ಕು ಬಂದದ್ದು 1935ರಲ್ಲಿ. ಸಂತೆಯಲ್ಲಿ ಮಡಕೆ ಕೊಳ್ಳುವವರಂತೆ ಉಗುರಿನಿಂದ ತಟ್ಟುತ್ತ ಹೋಗಿ. ತುದಿಯಿಂದ ನಡುವಿಗೆ ಬಂದಂತೆ ದನಿ ಬದಲಾಗುತ್ತದೆ.

ದನಿಗಿಂತ ಗಟ್ಟಿ ಸಾಕ್ಷಿ ಸೀಟ್ ಪೋಸ್ಟಿನ ಅಳತೆ. ಇಂಗ್ಲಿಷ್ ಮತ್ತು ಇಟಲಿಯ ಸೀಟ್ ಟ್ಯೂಬಿನ ಹೊರವ್ಯಾಸ 28.6 ಮಿ.ಮೀ. ಅದರಲ್ಲಿ 27.2ರ ಪೋಸ್ಟ್ ಸರಾಗವಾಗಿ ಇಳಿದರೆ ಉಳಿಯುವುದು 1.4, ಎರಡು ಗೋಡೆಗೆ ಹಂಚಿದರೆ ತಲಾ 0.7ಕ್ಕೂ ಕಡಿಮೆ. ಅಷ್ಟು ತೆಳುವಾಗಿ ಎಳೆದಿದ್ದರೆ ಅದು ಒಳ್ಳೆಯ ಕೊಳವೆಯೇ. ಬಟೆಡ್ 531 ಮತ್ತು ಮಿಲಾನಿನ ಕೊಲಂಬಸ್ ಎಸ್‌ಎಲ್ ಎರಡಕ್ಕೂ 27.2 ಬೇಕು. ತುಸು ದಪ್ಪನೆಯ ಕೊಲಂಬಸ್ ಎಸ್‌ಪಿಗೆ 27.0. ಅಳೆಯುವ ಮೊದಲು ಸೀಟ್ ಲಗ್ ನಜ್ಜಿದೆಯೇ ನೋಡಿ. ಚಿಕ್ಕ ಪೋಸ್ಟ್ ಹಾಕಿ ಯಾರಾದರೂ ಬಲವಂತವಾಗಿ ಬಿಗಿದಿದ್ದರೆ ಅಳತೆ ತಪ್ಪುತ್ತದೆ.

ಕೊಲಂಬಸ್ ಎಸ್‌ಎಲ್‌ಎಕ್ಸ್ ಎಂದು ಹೇಳಿ ಮಾರುವವರು ಫೋರ್ಕಿನ ಕೊಳವೆಯೊಳಗಿನ ಸುರುಳಿ ಏಣುಗಳನ್ನು ತೋರಿಸುತ್ತಾರೆ. ಆ ಏಣು ಎಸ್‌ಎಲ್, ಎಸ್‌ಪಿ ಫೋರ್ಕುಗಳಲ್ಲೂ ಇರುತ್ತದೆ. ಬಾಟಮ್ ಬ್ರಾಕೆಟ್ ಬಿಚ್ಚಿ, ಅಲ್ಲಿ ಬಂದು ಸೇರುವ ಕೊಳವೆಗಳ ಬಾಯಿಗೆ ಟಾರ್ಚ್ ಬಿಡಿ. ಅಲ್ಲೂ ಏಣು ಕಂಡರೆ ಮಾತ್ರ ನಂಬಿ.

ರೇನಾಲ್ಡ್ಸ್ ಸ್ಟಿಕ್ಕರ್ ಅಸಲಿಯೇ ಆಗಿದ್ದರೂ ಅದರ ಸಣ್ಣ ಅಕ್ಷರ ಓದಿ. ಕೆಲವು ಸ್ಟಿಕ್ಕರ್‌ಗಳು ಮೂರು ಮುಖ್ಯ ಕೊಳವೆಗಳು ಮಾತ್ರ 531 ಎನ್ನುತ್ತವೆ, ಇನ್ನು ಕೆಲವು ಫೋರ್ಕ್ ಮತ್ತು ಹಿಂಗಾಲಿ ಹಿಡಿಯುವ ಸ್ಟೇ ಕೊಳವೆಗಳನ್ನೂ ಸೇರಿಸುತ್ತವೆ. ಬೆಲೆಯಲ್ಲೂ ತೂಕದಲ್ಲೂ ಅದರಿಂದ ಬಹಳ ಅಂತರವಾಗುತ್ತದೆ.

4. ಬಿಡಿಭಾಗದ ವರ್ಷ ಫ್ರೇಮಿನ ವರ್ಷವಲ್ಲ

ಕಂಪಾನ್ಯೋಲೊ ಕಂಪನಿಯ ನ್ಯೂವೊ ರೆಕಾರ್ಡ್ ಡಿರೇಲರ್ (ಗೇರ್ ಬದಲಿಸುವ ಭಾಗ) ಮೇಲೆ ‘ಪ್ಯಾಟ್. 74’ ಎಂಬಂತಹ ಅಚ್ಚು ಇರುತ್ತದೆ. ಅದೇ ಕಂಪನಿಯ ಹಬ್ಬಿನ ಲಾಕ್‌ನಟ್ ಮೇಲೂ ವರ್ಷ ಸಿಗುತ್ತದೆ. ಇವು ಒಳ್ಳೆಯ ಸುಳಿವುಗಳೇ. ಆದರೆ ರೇಸ್ ಸವಾರರು ಸವೆದ ಭಾಗ ಬದಲಿಸುತ್ತಲೇ ಇರುತ್ತಿದ್ದರು. ಅದಕ್ಕೇ ಫ್ರೇಮಿಗೆ ಬೆಸುಗೆಯಾದ ಭಾಗಗಳ ಸಾಕ್ಷಿಯನ್ನೇ ಹೆಚ್ಚು ನಂಬಿ. ಹಿಂದಿನ ಡ್ರಾಪ್‌ಔಟ್‌ಗಳ ನಡುವಿನ ಅಂತರ 120 ಮಿ.ಮೀ. ಇದ್ದರೆ ಐದು ಗೇರಿನ ಕಾಲ, 126 ಇದ್ದರೆ ಆರು ಅಥವಾ ಏಳು ಗೇರಿನ ಕಾಲ, 130 ಇದ್ದರೆ ಅದಕ್ಕಿಂತ ಈಚಿನದು ಅಥವಾ ಯಾರೋ ಅಗಲಿಸಿದ್ದು.

5. ದುಡ್ಡು ಕೊಡುವ ಮೊದಲು ಬೆರಳು ಓಡಿಸಿ

ಹೆಡ್ ಟ್ಯೂಬಿನ ಹಿಂದೆ, ಟಾಪ್ ಟ್ಯೂಬ್ ಮತ್ತು ಡೌನ್ ಟ್ಯೂಬುಗಳ ಕೆಳಮೈಯಲ್ಲಿ ಬೆರಳು ಸವರಿ. ಸಣ್ಣ ಅಲೆಯಂತಹ ಉಬ್ಬು ತಾಗಿದರೆ ಆ ಸೈಕಲ್ ಎದುರಿನಿಂದ ಏನಕ್ಕೋ ಗುದ್ದಿದೆ. ಹೊಸ ಬಣ್ಣ ಕಣ್ಣಿಗೆ ಅದನ್ನು ಮರೆಮಾಚಬಹುದು, ಬೆರಳಿಗೆ ಆಗದು. ಆಮೇಲೆ ಬಾಟಮ್ ಬ್ರಾಕೆಟ್ ಸುತ್ತ, ಸೀಟ್ ಲಗ್ಗಿನ ಸೀಳಿನ ತುದಿ, ಡ್ರಾಪ್‌ಔಟ್ ಮೂಲೆಗಳಲ್ಲಿ ಕೂದಲೆಳೆಯ ಬಿರುಕು ಹುಡುಕಿ. ಬಣ್ಣದಲ್ಲಿ ಗೆರೆ ಕಂಡು ಅದರಿಂದ ತುಕ್ಕಿನ ನೀರು ಇಳಿದಿದ್ದರೆ ಬಿರುಕು ಉಕ್ಕಿನಲ್ಲೇ ಇದೆ. ಲಗ್ ಕೂಡಿಸಿದ ಫ್ರೇಮಿನ ದೊಡ್ಡ ಗುಣ, ಒಂದು ಕೊಳವೆ ಕೆಟ್ಟರೆ ಬೆಸುಗೆ ಕಾಯಿಸಿ ಅದೊಂದನ್ನೇ ಬದಲಿಸಬಹುದು. ಆ ಕೆಲಸ ಫ್ರೇಮ್ ಕಟ್ಟುವ ಕಸುಬಿನವರದು. ಅದರ ಖರ್ಚನ್ನೂ ಸೇರಿಸಿ ಬೆಲೆ ಕಟ್ಟಿ.

6. ಸಿಕ್ಕಿಕೊಂಡ ಸೀಟ್ ಪೋಸ್ಟ್ ತಾಳ್ಮೆ ಕೇಳುತ್ತದೆ

ಅಲ್ಯುಮಿನಿಯಂ ಪೋಸ್ಟ್ ಉಕ್ಕಿನ ಕೊಳವೆಯೊಳಗೆ ಬೆವರು, ಮಳೆ ಕುಡಿದು ವರ್ಷಗಟ್ಟಲೆ ಕೂತರೆ ಅಲ್ಯುಮಿನಿಯಂ ಸವೆದು ಆಕ್ಸೈಡ್ ಆಗುತ್ತದೆ. ಆ ಆಕ್ಸೈಡ್ ಹೆಚ್ಚು ಜಾಗ ಬೇಡುವುದರಿಂದ ಪೋಸ್ಟ್ ಬೆಣೆ ಹೊಡೆದಂತೆ ಕಚ್ಚಿಕೊಳ್ಳುತ್ತದೆ. ಫ್ರೇಮನ್ನು ತಲೆಕೆಳಗು ಮಾಡಿ, ಬಾಟಮ್ ಬ್ರಾಕೆಟ್ ಬಿಚ್ಚಿದ ಬಾಯಿಯಿಂದ ತುಕ್ಕು ಬಿಡಿಸುವ ಎಣ್ಣೆ ಇಳಿಸಿ, ವಾರ ಕಾಯಿರಿ. ಪೋಸ್ಟನ್ನು ವೈಸಿಗೆ ಕಚ್ಚಿಸಿ ಇಡೀ ಫ್ರೇಮನ್ನೇ ಹ್ಯಾಂಡಲಿನಂತೆ ಮೆಲ್ಲಗೆ ಅತ್ತಿತ್ತ ತಿರುಗಿಸಿ. ಜಗ್ಗದಿದ್ದರೆ ಮತ್ತೆ ಎಣ್ಣೆ, ಮತ್ತೊಂದು ವಾರ.

ಕೊನೆಯ ದಾರಿ ಕಾಸ್ಟಿಕ್ ಸೋಡಾ. ಅದು ಅಲ್ಯುಮಿನಿಯಂ ಕರಗಿಸಿ ಉಕ್ಕನ್ನು ಬಿಡುತ್ತದೆ, ಆದರೆ ತಾಗಿದ ಕಡೆ ಬಣ್ಣವನ್ನೂ ಕೀಳುತ್ತದೆ. ಬಿಸಿಯೇರುತ್ತದೆ, ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಹೊರಬರುತ್ತದೆ. ಬಯಲಿನಲ್ಲೇ ಈ ಕೆಲಸ ಮಾಡಿ; ಕನ್ನಡಕ ಮತ್ತು ಉದ್ದ ಕೈಗವಸು ಇಲ್ಲದೆ ಅದನ್ನು ಮುಟ್ಟಲೇಬೇಡಿ.

7. 0.2 ಮಿ.ಮೀ. ಸಣ್ಣದಲ್ಲ

ಫ್ರೆಂಚ್ ರೇಸ್ ಸೈಕಲ್ ಪ್ಯೂಜೊ ಪಿಎಕ್ಸ್-10 ಒಂದಕ್ಕೆ ಹ್ಯಾಂಡಲ್ ಸ್ಟೆಮ್ ಇರಲಿಲ್ಲ. ಕೈಗೆ ಸಿಕ್ಕ ಇಂಗ್ಲಿಷ್ ಅಳತೆಯ ಸ್ಟೆಮ್ ಇಳಿಯದಾಗ ಮರದ ಸುತ್ತಿಗೆಯಿಂದ ಬಡಿದೆ. ಅರ್ಧ ಇಳಿದು ನಿಂತದ್ದು ಮತ್ತೆ ಮೇಲೆ ಬರಲಿಲ್ಲ. ಅದನ್ನು ತೆಗೆಯುವಷ್ಟರಲ್ಲಿ ಫೋರ್ಕಿನ ಥ್ರೆಡ್ ಹಾಳಾಗಿತ್ತು. ಇಂಗ್ಲಿಷ್ ಸ್ಟೆಮ್ 22.2, ಫ್ರೆಂಚ್ ಸ್ಟೆಮ್ 22.0. ಆ ಕಾಲದ ಫ್ರೆಂಚ್ ಫ್ರೇಮಿನಲ್ಲಿ ಟಾಪ್ ಟ್ಯೂಬ್ 26, ಉಳಿದೆರಡು 28 ಮಿ.ಮೀ.; ಹೆಡ್‌ಸೆಟ್ ಥ್ರೆಡ್ 25 ಮಿ.ಮೀ.; ಪೆಡಲ್ ಥ್ರೆಡ್ 14 ಮಿ.ಮೀ. ಎಲ್ಲವೂ ಪಕ್ಕದ ದೇಶದ್ದಕ್ಕೆ ಕೂದಲಳತೆ ಹತ್ತಿರ, ಯಾವುದೂ ಅದಲ್ಲ. ವರ್ನಿಯರ್ ಕ್ಯಾಲಿಪರ್ ಸುತ್ತಿಗೆಗಿಂತ ಮೊದಲು ಕೈಗೆ ಬರಬೇಕು.

8. ತುಕ್ಕು ತೆಗೆಯಿರಿ, ಉಕ್ಕು ತೆಗೆಯಬೇಡಿ

ಮೇಲ್ಮೈ ತುಕ್ಕಿಗೆ ನಾನು ಆಕ್ಸಾಲಿಕ್ ಆಮ್ಲ ಬಳಸುತ್ತೇನೆ. ಹತ್ತು ಲೀಟರ್ ನೀರಿಗೆ ಸುಮಾರು 200 ಗ್ರಾಂ, ಪ್ಲಾಸ್ಟಿಕ್ ತೊಟ್ಟಿ, ಅಲ್ಯುಮಿನಿಯಂ ಭಾಗಗಳೆಲ್ಲ ಹೊರಗೆ. ಆಗಾಗ ಎತ್ತಿ ನೋಡುತ್ತಿರಬೇಕು; ಹೆಚ್ಚು ಹೊತ್ತು ಬಿಟ್ಟರೆ ಹಳದಿ ಪೊರೆ ಕೂರುತ್ತದೆ. ತೆಗೆದ ಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು ಒಣಗಿಸಿ. ಆಕ್ಸಾಲಿಕ್ ಆಮ್ಲ ವಿಷ, ಪುಡಿ ಮೂಗಿಗೆ ಹೋಗಬಾರದು, ಮಕ್ಕಳ ಕೈಗೆ ಸಿಗಬಾರದು.

ಮರಳು ಸಿಡಿಸಿ ಬಣ್ಣ ಕೀಳುವವರಿಗೆ ಈ ಫ್ರೇಮ್ ಕೊಡಬೇಡಿ. ಕೊಳವೆಯ ನಡುಭಾಗದ ಗೋಡೆ 0.6 ಮಿ.ಮೀ. ಅಥವಾ ಇನ್ನೂ ತೆಳು. ಹೊಸ ಕ್ರೋಮ್ ಹಾಕಿಸುವ ಮೊದಲೂ ಎರಡು ಸಲ ಯೋಚಿಸಿ. ಅದಕ್ಕಾಗಿ ಉಜ್ಜುವಾಗ ಲಗ್ಗಿನ ಚೂಪಾದ ಅಂಚುಗಳು ಕರಗುತ್ತವೆ, ಕೊಳವೆಯೊಳಗೆ ಉಳಿದ ಆಮ್ಲ ಒಳಗಿನಿಂದ ತಿನ್ನುತ್ತದೆ.

9. ಬಣ್ಣಕ್ಕೆ ಕೊನೆಯಲ್ಲಿ ಕೈಹಾಕಿ

ಮೊದಮೊದಲು ಎಲ್ಲ ಫ್ರೇಮ್‌ಗಳನ್ನೂ ಪೂರ್ತಿ ಬರಿಮೈ ಮಾಡಿ ಹೊಸ ಬಣ್ಣ ಹೊಡೆಯುತ್ತಿದ್ದೆ. ಹಾಗೆ ಅಳಿಸಿದ್ದು ಮತ್ತೆ ಸಿಗದು ಎಂಬುದು ತಡವಾಗಿ ಅರಿವಾಯಿತು. ಹಳೆಯ ಬಣ್ಣ ಮುಕ್ಕಾದರೂ ಅದು ಆ ಕಾರ್ಖಾನೆಯ ಕೈಬರಹ. ಈಗ ಮುಕ್ಕಾದಲ್ಲಿ ಮಾತ್ರ ತೇಪೆ, ಉಳಿದಲ್ಲಿ ಮೇಣ.

ಮೇಲಿನ ಬಣ್ಣ ಆಮೇಲೆ ಬಳಿದದ್ದೆಂದು ಖಾತ್ರಿಯಾದರೆ ಕೇಬಲ್ ಕ್ಲಿಪ್ ಅಡಿಯಲ್ಲೋ ಹೆಡ್ ಬ್ಯಾಡ್ಜ್ ಹಿಂದೆಯೋ ಕಾಳಿನಷ್ಟು ಜಾಗ ಒದ್ದೆ ಮಾಡಿ, ನೀರಿನಲ್ಲಿ ಬಳಸುವ ಉಜ್ಜುಕಾಗದದಿಂದ ಪದರ ಪದರವಾಗಿ ಉಜ್ಜಿ. ಒಂದರ ಹಿಂದೊಂದು ಬಣ್ಣದ ಉಂಗುರಗಳು ಏಳುತ್ತವೆ. ತಳದ ಪ್ರೈಮರ್ ಬಿಟ್ಟರೆ ಒಳಗಿನ ಉಂಗುರವೇ ಮೂಲ ಬಣ್ಣ. ಹಳೆ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದನ್ನು ಉಜ್ಜಬೇಡಿ, ಮುಖಗವಸು ಮರೆಯಬೇಡಿ. ಸ್ಟಿಕ್ಕರ್‌ಗಳ ಜಾಗವನ್ನು ಅಳತೆಪಟ್ಟಿ ಇಟ್ಟು ಫೋಟೊ ತೆಗೆದಿರಿಸಿ. ಪೌಡರ್ ಕೋಟಿಂಗ್ ಗಟ್ಟಿಯಾದರೂ ದಪ್ಪ. ಕುಶಲಿಯೊಬ್ಬ ಅರದಿಂದ ತೀಡಿದ ಲಗ್ಗಿನ ಅಂಚು ಅದರಡಿ ಮುಚ್ಚಿಹೋಗುತ್ತದೆ.

10. ನೇರವಿದೆಯೇ ನೋಡಲು ದಾರ ಸಾಕು, ಆದರೆ ಎಲ್ಲ ಉಕ್ಕನ್ನೂ ಬಗ್ಗಿಸುವಂತಿಲ್ಲ

ಒಂದು ಡ್ರಾಪ್‌ಔಟ್‌ನಿಂದ ದಾರ ಕಟ್ಟಿ, ಹೆಡ್ ಟ್ಯೂಬ್ ಬಳಸಿ, ಇನ್ನೊಂದಕ್ಕೆ ತನ್ನಿ. ಸೀಟ್ ಟ್ಯೂಬಿನಿಂದ ಎರಡೂ ಕಡೆಯ ದಾರಕ್ಕೆ ಇರುವ ದೂರ ಸಮವಿದ್ದರೆ ಹಿಂಭಾಗ ನೇರವಾಗಿದೆ. 126ರ ಫ್ರೇಮನ್ನು 130ಕ್ಕೆ ಅಗಲಿಸುವುದಾದರೆ ಒಂದೊಂದು ಬದಿಯನ್ನು ಬೇರೆಬೇರೆಯಾಗಿ 2 ಮಿ.ಮೀ. ಬಗ್ಗಿಸಿ, ಪ್ರತಿ ಸಲವೂ ದಾರ ಹಿಡಿಯಿರಿ. ಡ್ರಾಪ್‌ಔಟ್‌ಗಳು ಮತ್ತೆ ಒಂದಕ್ಕೊಂದು ಸಮಾನಾಂತರವಾಗಿ ನಿಲ್ಲಬೇಕು.

ರೇನಾಲ್ಡ್ಸ್ 753 ಆಗಿದ್ದರೆ ಕೈ ಹಿಂದಕ್ಕೆ ತೆಗೆಯಿರಿ. 1976ರಲ್ಲಿ ಬಂದ ಆ ಕೊಳವೆ ಕಾಯಿಸಿ ಹದ ಮಾಡಿದ್ದು, ತೀರಾ ತೆಳು. ಪರೀಕ್ಷೆ ಪಾಸಾದ ಕಟ್ಟುವವರಿಗಷ್ಟೇ ಕೊಡುತ್ತಿದ್ದರು, ಬೆಸುಗೆಗೂ ಕಡಿಮೆ ಬಿಸಿಯ ಬೆಳ್ಳಿಯೇ ಬೇಕಿತ್ತು. ಅದನ್ನು ಬಗ್ಗಿಸಬಾರದು.

11. ಒಳಮೈಗೆ ಎಣ್ಣೆ ಕುಡಿಸಿ

ಫ್ರೇಮ್ ಸಾಯುವುದು ಒಳಗಿನಿಂದ. ಸೀಟ್ ಟ್ಯೂಬಿನಿಂದ ಇಳಿದ ನೀರು ಬಾಟಮ್ ಬ್ರಾಕೆಟ್ಟಿನಲ್ಲಿ ನಿಲ್ಲುತ್ತದೆ. ಜೋಡಿಸುವ ಮೊದಲು ಪ್ರತಿ ಕೊಳವೆಗೂ ಕುದಿಸಿದ ಅಗಸೆ ಎಣ್ಣೆ ಸುರಿದು, ಫ್ರೇಮನ್ನು ಎಲ್ಲ ಕಡೆಗೂ ಹೊರಳಿಸಿ, ಹೆಚ್ಚಾದದ್ದನ್ನು ಬಸಿದು ಒಂದೆರಡು ವಾರ ಒಣಗಲು ಬಿಡುತ್ತೇನೆ. ನಮ್ಮ ಕಡೆ ರೊಟ್ಟಿಗೆ ಚಟ್ನಿಪುಡಿಯಾಗುವ ಅದೇ ಅಗಸಿ ಇಲ್ಲಿ ಉಕ್ಕು ಕಾಯುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಹೊರಗೆ ಹರಡಿ ಒಣಗಿಸಿ.

12. ಓಡಿಸಿ, ಮತ್ತು ಮಾಡಿದ್ದನ್ನು ಬರೆದಿಡಿ

ಇಟಲಿಯ ಟಸ್ಕನಿಯ ಗಯೋಲೆಯಲ್ಲಿ 1997ರಿಂದ ಎರೋಯಿಕ ಎಂಬ ಸವಾರಿ ನಡೆಯುತ್ತಿದೆ. 1987ಕ್ಕಿಂತ ಹಿಂದಿನ ರೇಸ್ ಸೈಕಲ್, ಡೌನ್ ಟ್ಯೂಬ್ ಮೇಲೆ ಗೇರ್ ಸನ್ನೆ, ಹ್ಯಾಂಡಲ್ ಮೇಲೆ ಹೊರಗೆ ಬಾಗಿದ ಬ್ರೇಕ್ ಕೇಬಲ್, ಪೆಡಲಿಗೆ ಪಟ್ಟಿ, ಇವು ಅದರ ನಿಯಮ. ಬಿಳಿ ಮಣ್ಣಿನ ಆ ರಸ್ತೆಗಳಲ್ಲಿ ಓಡುತ್ತಿರುವವರೆಗೆ ಈ ಫ್ರೇಮ್‌ಗಳು ಸೈಕಲ್‌ಗಳಾಗಿಯೇ ಉಳಿಯುತ್ತವೆ. ನಾನೂ ಗೋಡೆಯ ಒಂಬತ್ತನ್ನು ಸರದಿಯಂತೆ ಇಳಿಸಿ ತುಳಿಯುತ್ತೇನೆ.

ಪ್ರತಿಯೊಂದರ ಸೀಟ್ ಪೋಸ್ಟಿನ ಟೊಳ್ಳಿನಲ್ಲೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಚೀಟಿ ಇದೆ. ಯಾವುದು ಮೂಲದ್ದು, ಯಾವುದು ನಾನು ಹಾಕಿದ್ದು, ಎಲ್ಲಿ ಬಗ್ಗಿಸಿದೆ, ಯಾವ ಸ್ಟಿಕ್ಕರ್ ಹೊಸದು, ತಾರೀಖಿನೊಂದಿಗೆ. ಆ ತಿಳಿನೀಲಿ ಫ್ರೇಮಿನ ಇಟಲಿ ಸ್ಟಿಕ್ಕರ್ ಕಿತ್ತು ಅದರ ಚೀಟಿಯ ಮೊದಲ ಸಾಲಿನಲ್ಲಿ ‘ವರ್ಕ್ಸಾಪ್’ ಎಂದು ಬರೆದೆ. ನನ್ನ ನಂತರ ಅದನ್ನು ಬಿಚ್ಚುವವರು ನಾನು ಮೋಸಹೋದ ಹಾಗೆ ಹೋಗಬಾರದು.